ಜಾವಾ ಸ್ವಿಂಗ್ ಟೇಬಲ್‌ನಲ್ಲಿ ಎಂಟರ್ ಒತ್ತಿದರೆ ಬಲಗಡೆಯ ಸೆಲ್‌ಗೆ ಹೋಗುವಂತೆ ಮಾಡುವುದು ಹೇಗೆ?

ಬಿಲ್ ನಮೂದಿಸುವ ಪರದೆಯ ಜೆಟೇಬಲ್‌ನಲ್ಲಿ (ಸ್ವಿಂಗ್‌ನ ಟೇಬಲ್ ಘಟಕದಲ್ಲಿ) ಎಂಟರ್ ಒತ್ತಿದಾಗ ಕೆಳಗಿನ ಸಾಲಿಗೆ ಇಳಿಯದೆ ಬಲಗಡೆಯ ಸೆಲ್‌ಗೆ ಹೋಗಬೇಕು, ತಿದ್ದಲಾಗದ ಮೊತ್ತದ ಕಾಲಂ ದಾಟಿ ಮುಂದಿನ ಸಾಲಿಗೆ ಬರಬೇಕು, ಆದರೆ ಟೇಬಲ್‌ಗೆ ಸೇರಿಸಿದ ಕೀ ಲಿಸನರ್ (ಕೀ ಒತ್ತಿದ್ದನ್ನು ಗಮನಿಸುವ ಕೋಡ್) ಕೆಲವೊಮ್ಮೆ ಮಾತ್ರ ಕೆಲಸ ಮಾಡುತ್ತದೆ ಎಂದು ನೀವು ಕೇಳಿದ್ದೀರಿ.

ಕೀ ಲಿಸನರನ್ನು ತೆಗೆದುಹಾಕಿ. ಸೆಲ್ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ತಿದ್ದಲು ತೊಡಗಿದಾಗ ಫೋಕಸ್, ಅಂದರೆ ಒತ್ತಿದ ಕೀಗಳು ತಲುಪುವ ಜಾಗ, ಟೇಬಲ್‌ನಲ್ಲಿ ಇರುವುದಿಲ್ಲ, ಸೆಲ್‌ನೊಳಗೆ ತೆರೆದುಕೊಂಡ ಎಡಿಟರ್‌ನಲ್ಲಿರುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಒತ್ತಿದ ಕೀಗಳು ನಿಮ್ಮ ಲಿಸನರ್‌ಗೆ ತಲುಪುವುದೇ ಇಲ್ಲ. ಇದಕ್ಕೆ ಸರಿಯಾದ ದಾರಿ ಕೀ ಬೈಂಡಿಂಗ್, ಅಂದರೆ ಕೀಯನ್ನು ಒಂದು ಕ್ರಿಯೆಗೆ ಜೋಡಿಸುವುದು. ಯಾವ ಕೀಗೆ ಯಾವ ಕ್ರಿಯೆಯ ಹೆಸರು ಎಂಬುದು ಇನ್‌ಪುಟ್‌ಮ್ಯಾಪ್‌ನಲ್ಲಿಯೂ, ಆ ಹೆಸರಿಗೆ ಯಾವ ಆಕ್ಷನ್ (ನಡೆಯಬೇಕಾದ ಕೋಡ್) ಎಂಬುದು ಆಕ್ಷನ್‌ಮ್ಯಾಪ್‌ನಲ್ಲಿಯೂ ಇರುತ್ತದೆ. ಜೆಟೇಬಲ್ ತನ್ನ ಬೈಂಡಿಂಗ್‌ಗಳನ್ನು ಇಡುವುದು ವೆನ್_ಆನ್ಸೆಸ್ಟರ್_ಆಫ್_ಫೋಕಸ್ಡ್_ಕಾಂಪೊನೆಂಟ್ ಎಂಬ ಮ್ಯಾಪ್‌ನಲ್ಲಿ; ಫೋಕಸ್ ಟೇಬಲ್‌ನೊಳಗಿನ ಎಡಿಟರ್‌ನಲ್ಲಿದ್ದಾಗಲೂ ಇದು ಅನ್ವಯಿಸುತ್ತದೆ. ಗೆಟ್‌ಇನ್‌ಪುಟ್‌ಮ್ಯಾಪ್ ಅನ್ನು ಆರ್ಗ್ಯುಮೆಂಟ್ ಇಲ್ಲದೆ ಕರೆದರೆ ಸಿಗುವುದು ಬೇರೆಯೇ ಮ್ಯಾಪ್ ಆದ್ದರಿಂದ ಇಲ್ಲಿ ವಿಶೇಷ ಎಚ್ಚರ ಬೇಕು.

ಆ ಮ್ಯಾಪ್‌ನಲ್ಲಿ ಎಂಟರ್‌ಗೆ ಸೆಲೆಕ್ಟ್‌ನೆಕ್ಸ್ಟ್‌ರೋಸೆಲ್ ಎಂದೂ ಟ್ಯಾಬ್‌ಗೆ ಸೆಲೆಕ್ಟ್‌ನೆಕ್ಸ್ಟ್‌ಕಾಲಮ್‌ಸೆಲ್ ಎಂದೂ ಹೆಸರುಗಳಿವೆ. ಮೊತ್ತದ ಕಾಲಂನ ತೊಡಕು ಇಲ್ಲದಿದ್ದರೆ ಎಂಟರ್‌ಗೆ ಟ್ಯಾಬ್‌ನ ಹೆಸರನ್ನೇ ಕೊಟ್ಟರೆ ಸಾಕಾಗುತ್ತಿತ್ತು. ನಿಮಗೆ ಕಾಲಂ ದಾಟಬೇಕಾಗಿರುವುದರಿಂದ, ಟ್ಯಾಬ್‌ನ ಮೂಲ ಆಕ್ಷನನ್ನು ಆಕ್ಷನ್‌ಮ್ಯಾಪ್‌ನಿಂದ ಪಡೆದು, ಅದನ್ನು ಒಳಗಿಟ್ಟುಕೊಂಡ ಹೊಸ ಅಬ್‌ಸ್ಟ್ರಾಕ್ಟ್‌ಆಕ್ಷನ್ ಒಂದನ್ನು ಬರೆದು, ಹೊಸ ಹೆಸರಿನಲ್ಲಿ ಎಂಟರ್‌ಗೆ ಜೋಡಿಸಿ. ಅದು ಮೂಲ ಆಕ್ಷನನ್ನು ಒಮ್ಮೆ ಕರೆಯಲಿ. ತಲುಪಿದ ಸೆಲ್‌ಗೆ ಈಸ್‌ಸೆಲ್‌ಎಡಿಟಬಲ್ ಸುಳ್ಳೆಂದು ಹೇಳಿದರೆ, ಅಂದರೆ ಅದು ತಿದ್ದಲಾಗದ ಸೆಲ್ ಆಗಿದ್ದರೆ, ಮತ್ತೆ ಕರೆಯಲಿ. ಈ ಸುತ್ತು ಕಾಲಂಗಳ ಸಂಖ್ಯೆಯನ್ನು ಮೀರದಂತೆ ಮಿತಿ ಹಾಕಿ, ಇಲ್ಲದಿದ್ದರೆ ತಿದ್ದಬಹುದಾದ ಸೆಲ್ ಒಂದೂ ಇಲ್ಲದ ಟೇಬಲ್‌ನಲ್ಲಿ ಪ್ರೋಗ್ರಾಂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮೂಲ ಆಕ್ಷನನ್ನೇ ಬಳಸಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ: ಅದು ಮುಂದೆ ಸರಿಯುವ ಮೊದಲು ತಿದ್ದುವಿಕೆಯನ್ನು ಮುಗಿಸುವ ಸ್ಟಾಪ್‌ಸೆಲ್‌ಎಡಿಟಿಂಗ್ ಕರೆಯುತ್ತದೆ, ಎಡಿಟರ್ ಅದನ್ನು ಒಪ್ಪದಿದ್ದರೆ ಸರಿಯುವುದಿಲ್ಲ. ಪ್ರಮಾಣದ ಕಾಲಂನ ಎಡಿಟರ್ ಅಂಕಿಗಳನ್ನು ಮಾತ್ರ ಒಪ್ಪುವಂತಿದ್ದರೆ, ಅಂಕಿಯ ಬದಲು ಅಕ್ಷರ ಬಿದ್ದಾಗ ಬಳಕೆದಾರರು ಅದೇ ಸೆಲ್‌ನಲ್ಲಿ ಉಳಿಯುತ್ತಾರೆ, ಅದಕ್ಕಾಗಿ ನೀವು ಬೇರೆ ಕೋಡ್ ಬರೆಯಬೇಕಾಗಿಲ್ಲ.

ಟೇಬಲ್‌ನ ಕೊನೆಯ ಸೆಲ್‌ನಿಂದ ಮೂಲ ಆಕ್ಷನ್ ಮೊದಲ ಸಾಲಿಗೆ ಮರಳುತ್ತದೆ. ಬಿಲ್ಲಿಂಗ್‌ನಲ್ಲಿ ಇದರಿಂದ ಹಳೆಯ ನಮೂದಿನ ಮೇಲೆ ಹೊಸದನ್ನು ಬರೆಯುವ ಅಪಾಯವಿದೆ. ಆದ್ದರಿಂದ ಕೊನೆಯ ಸಾಲಿನ ಕೊನೆಯ ತಿದ್ದಬಹುದಾದ ಸೆಲ್‌ನಲ್ಲಿದ್ದಾಗ ಮೊದಲು ಎಡಿಟಿಂಗ್ ನಿಲ್ಲಿಸಿ, ಅದು ನಿಂತರೆ ಮಾತ್ರ ಮಾಡೆಲ್‌ಗೆ (ಟೇಬಲ್‌ನ ದತ್ತಾಂಶ ಇಟ್ಟುಕೊಳ್ಳುವ ಆಬ್ಜೆಕ್ಟ್‌ಗೆ) ಖಾಲಿ ಸಾಲು ಸೇರಿಸಿ, ಆನಂತರ ಮೂಲ ಆಕ್ಷನ್ ಕರೆಯಿರಿ. ಜೊತೆಗೆ ಆಯ್ಕೆಯನ್ನು ಒಂದೇ ಸಾಲಿಗೆ ಸೀಮಿತಗೊಳಿಸಿ, ಏಕೆಂದರೆ ಹಲವು ಸಾಲುಗಳು ಆಯ್ಕೆಯಾಗಿದ್ದರೆ ಈ ಆಕ್ಷನ್ ಅವುಗಳೊಳಗೇ ಸುತ್ತುತ್ತಿರುತ್ತದೆ.

ಶಿಫ್ಟ್ ಎಂಟರ್‌ಗೂ ಸೆಲೆಕ್ಟ್‌ಪ್ರೀವಿಯಸ್‌ಕಾಲಮ್‌ಸೆಲ್ ಬಳಸಿ ಇದೇ ರೀತಿ ಹಿಂದಕ್ಕೆ ಹೋಗುವ ಆಕ್ಷನ್ ಬರೆಯಿರಿ. ಕಂಟ್ರೋಲ್ ಟ್ಯಾಬನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಮೌಸ್ ಬಳಸದೆ ಕೆಲಸ ಮಾಡುವವರು ಟೇಬಲ್‌ನಿಂದ ಹೊರಬಂದು ಸೇವ್ ಬಟನ್ ತಲುಪುವುದು ಅದರಿಂದಲೇ.