ಕ್ಯಾಮೆರಾ ಕಟ್ಟೆ: ಕಡಲ ಚಿತ್ರಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಕಾಪು ದೀಪಸ್ತಂಭದ ಪಕ್ಕ ಸೂರ್ಯ ಮುಳುಗುವ ಚಿತ್ರ ಬೇಕು. ಆಕಾಶದ ಬಣ್ಣ ಸರಿ ಬಂದರೆ ಬಂಡೆ ಕಪ್ಪಾಗುತ್ತದೆ, ಬಂಡೆ ಕಂಡರೆ ಆಕಾಶ ಬೆಳ್ಳಗಾಗುತ್ತದೆ. ಅರ್ಧ ಕಪ್ಪಿರುವ ಗ್ರಾಜುಯೇಟೆಡ್ ಫಿಲ್ಟರ್ ಕೊಳ್ಳಲೇ?
– ಓದುಗರು, ಕಟಪಾಡಿ

ಕಾಪುವಿಗೋಸ್ಕರ ಮಾತ್ರ ಆದರೆ ಬೇಡ. ಆ ಫಿಲ್ಟರಿನ ಕಪ್ಪು ನೇರ ಗೆರೆಯಲ್ಲಿ ಮುಗಿಯುತ್ತದೆ. ಬರಿ ನೀರು, ಬರಿ ಆಕಾಶ ಇದ್ದಲ್ಲಿ ಅದು ಒಪ್ಪುತ್ತದೆ. 1901ರಲ್ಲಿ ಕಟ್ಟಿದ ಈ ದೀಪಸ್ತಂಭ 27 ಮೀಟರ್ ಎತ್ತರ, ಅದೂ ಬಂಡೆಯ ಮೇಲೆ. ಹಾಗಾಗಿ ಗೆರೆಯಿಂದ ಮೇಲಿನ ಗೋಪುರವೂ ಆಕಾಶದ ಜೊತೆ ಕಪ್ಪಾಗಿಬಿಡುತ್ತದೆ.

ಬದಲಿಗೆ ಟ್ರೈಪಾಡ್ ಹಾಕಿ ಮೂರು ಫ್ರೇಮ್ ತೆಗೆಯಿರಿ: ಐಎಸ್‌ಒ 100, ಅಪರ್ಚರ್ ಎಫ್/11, ನಡುವೆ ಎರಡೆರಡು ಸ್ಟಾಪ್ ಅಂತರ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುವುದು). ಬದಲಾಗಬೇಕಾದ್ದು ಶಟರ್ ಸ್ಪೀಡ್ ಮಾತ್ರ. ಮೂರನ್ನೂ ಎಡಿಟ್ ಮಾಡುವಾಗ ಎಚ್‌ಡಿಆರ್ (ಫ್ರೇಮುಗಳನ್ನು ತಾನೇ ಸೇರಿಸುವ) ಗುಂಡಿ ಒತ್ತಿ ಬೆಸೆದರೆ ಒಂದೊಂದರಲ್ಲೂ ಅಲೆ ಬೇರೆ ಜಾಗದಲ್ಲಿರುವುದರಿಂದ ನೊರೆ ಕಲಸಿಹೋಗುತ್ತದೆ. ಅಲೆಯ ಆಕಾರ ಚೆಂದ ಬಂದ ಒಂದೇ ಫ್ರೇಮನ್ನು ಆಧಾರವಾಗಿಟ್ಟುಕೊಳ್ಳಿ. ಕಡು ಫ್ರೇಮಿನಿಂದ ಆಕಾಶವನ್ನಷ್ಟೇ ಲೇಯರ್ ಮಾಸ್ಕ್ (ಒಂದು ಪದರದ ಬೇಕಾದ ಭಾಗವನ್ನಷ್ಟೇ ತೋರಿಸುವ ಸಾಧನ) ಮೂಲಕ ತನ್ನಿ. ಗೋಪುರದ ಅಂಚಿಗೆ ದೊಡ್ಡ, ಮೆತ್ತಗಿನ ಬ್ರಷ್ ಬಳಸಿದರೆ ಸುತ್ತ ಬಿಳಿ ಹೊಗೆಯಂಥ ಅಂಚು ಉಳಿಯುತ್ತದೆ. ಬೆಳಕಿನ ಮಟ್ಟದ ಆಧಾರದಲ್ಲಿ ಆಯ್ಕೆ ಮಾಡುವ ಲ್ಯೂಮಿನಾಸಿಟಿ ಮಾಸ್ಕ್ ಅಲ್ಲಿ ಸರಿ.

ಕ್ಯಾಮೆರಾದ ಹಿಸ್ಟೋಗ್ರಾಮನ್ನು (ಬೆಳಕಿನ ಹಂಚಿಕೆಯ ನಕ್ಷೆ) ಆರ್‌ಜಿಬಿಗೆ, ಅಂದರೆ ಕೆಂಪು, ಹಸಿರು, ನೀಲಿ ಬೇರೆ ಬೇರೆ ಕಾಣುವಂತೆ, ಬದಲಿಸಿ ನೋಡಿ. ಸಂಜೆಯ ಆಕಾಶದಲ್ಲಿ ಮೊದಲು ಸುಟ್ಟುಹೋಗುವುದು, ಅಂದರೆ ಬೆಳಕು ಮಿತಿ ಮೀರಿ ವಿವರ ಕಳೆದುಕೊಳ್ಳುವುದು, ಕೆಂಪು ಚಾನೆಲ್. ಬಿಳಿ ಹಿಸ್ಟೋಗ್ರಾಮ್ ಎಲ್ಲ ಸರಿ ಎಂದು ತೋರಿಸುತ್ತಿರುವಾಗಲೇ ಅದು ಹೋಗಿರಬಹುದು. ಸೂರ್ಯ ಮುಳುಗಿದ ಕೂಡಲೇ ಹೊರಡಬೇಡಿ. ಹತ್ತು-ಹದಿನೈದು ನಿಮಿಷದಲ್ಲಿ ಆಕಾಶ ಮತ್ತು ಬಂಡೆಯ ಬೆಳಕಿನ ಅಂತರ ತಗ್ಗುತ್ತದೆ, ಆಗ ಒಂದೇ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ಸಾಕಾಗುತ್ತದೆ.

ಇನ್ನೊಂದು ಮಾತು. ನಮ್ಮ ಕರಾವಳಿಯಲ್ಲಿ ಸೂರ್ಯ ನೇರ ಪಡುವಣದಲ್ಲಿ ಮುಳುಗುವುದು ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮಾತ್ರ. ಡಿಸೆಂಬರಿನಲ್ಲಿ ಸುಮಾರು 24 ಡಿಗ್ರಿ ತೆಂಕಕ್ಕೆ ಸರಿದಿರುತ್ತಾನೆ, ಜೂನಿನಲ್ಲಿ ಅಷ್ಟೇ ಬಡಗಕ್ಕೆ. ಡಿಸೆಂಬರಿನಲ್ಲಿ ಗೋಪುರದ ಪಕ್ಕದಲ್ಲೇ ಸೂರ್ಯ ಬೇಕೆಂದರೆ ಗೋಪುರದ ಈಶಾನ್ಯಕ್ಕೆ ನಿಲ್ಲಬೇಕು. ಅದೇ ಜಾಗ ಏಪ್ರಿಲಿಗೆ ನಡೆಯುವುದಿಲ್ಲ.

ಪ್ರಶ್ನೆ: ನೀರು ಹಾಲಿನಂತೆ ಕಾಣಲು 10 ಸ್ಟಾಪ್ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ತೆಗೆದುಕೊಂಡೆ. ಸೋಮೇಶ್ವರದಲ್ಲಿ ತೆಗೆದ ಚಿತ್ರಗಳೆಲ್ಲ ಮಂಜಿನಂತೆ, ಜೀವವಿಲ್ಲದಂತೆ ಬಂದಿವೆ.
– ಓದುಗರು, ತೊಕ್ಕೊಟ್ಟು

ಫಿಲ್ಟರ್ ಇಲ್ಲದೆ ಸೆಕೆಂಡಿನ 30ನೇ ಒಂದು ಭಾಗ ಇದ್ದದ್ದು 10 ಸ್ಟಾಪಿನಲ್ಲಿ 34 ಸೆಕೆಂಡಿಗೆ ಹೋಗುತ್ತದೆ. ಅಷ್ಟರಲ್ಲಿ ಹಲವು ಅಲೆಗಳು ಬಂದು ಹೋಗಿ, ಒಂದರ ಆಕಾರವನ್ನು ಇನ್ನೊಂದು ಅಳಿಸಿರುತ್ತದೆ. ಸೋಮೇಶ್ವರದಂಥ ಬಂಡೆಗಳ ಜಾಗದಲ್ಲಿ ನೋಡಬೇಕಾದ್ದೇ ಬಂಡೆಯ ಸುತ್ತ ನೀರು ಹರಿಯುವ ದಾರಿ. ಅದು ಉಳಿಯುವುದು ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ. ಮುಸ್ಸಂಜೆಯಲ್ಲಿ ಎಫ್/11ಕ್ಕೆ ಸೆಕೆಂಡಿನ 15ನೇ ಒಂದು ಭಾಗ ಸಿಗುತ್ತಿದ್ದರೆ 3 ಸ್ಟಾಪಿನ ಫಿಲ್ಟರ್ ಹಾಕಿ, ಸರಿಯಾಗಿ ಅರ್ಧ ಸೆಕೆಂಡ್ ಆಗುತ್ತದೆ. ಫಿಲ್ಟರ್ ಇಲ್ಲವೆಂದು ಎಫ್/22ಕ್ಕೆ ಇಳಿಸಬೇಡಿ. ಕಿರಿದಾದ ತೂತಿನಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರದ ಚುರುಕು ಹೋಗುತ್ತದೆ, ಸೆನ್ಸರಿನ ಧೂಳೆಲ್ಲ ಚುಕ್ಕಿಯಾಗಿ ಕಾಣುತ್ತದೆ.

ಒತ್ತುವ ಗಳಿಗೆಯೇ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಅಲೆ ಅಪ್ಪಳಿಸುವಾಗ ಒತ್ತಿದರೆ ಸಿಗುವುದು ಬಿಳಿ ಮುದ್ದೆ. ಅದು ಮೇಲೇರಿ ಒಂದು ಕ್ಷಣ ನಿಂತು, ವಾಪಸ್ ಜಾರಲು ತೊಡಗಿದಾಗ ಒತ್ತಿ. ನೊರೆ ಎಳೆ ಎಳೆಯಾಗಿ ಕಡಲ ಕಡೆ ಓಡುತ್ತದೆ. ಆ ಎಳೆಗಳೇ ನೋಡುವವರ ಕಣ್ಣನ್ನು ಬಂಡೆಯಿಂದ ದಿಗಂತಕ್ಕೆ ಒಯ್ಯುತ್ತವೆ. ಇದಕ್ಕೆ ಟ್ರೈಪಾಡ್ ಅಲುಗದಿರಬೇಕು. ಒದ್ದೆ ಮರಳಲ್ಲಿ ಪ್ರತಿ ಅಲೆಯೂ ಕಾಲಿನ ಬುಡದ ಮರಳನ್ನು ಕೊರೆದುಕೊಂಡು ಹೋಗುತ್ತದೆ. ಮೊದಲೇ ಕಾಲುಗಳನ್ನು ಒಂದು ಗೇಣಿನಷ್ಟು ಒತ್ತಿ ಹೂಳಿ, ಎರಡು ಅಲೆ ಹೋಗುವವರೆಗೆ ಕಾಯಿರಿ. ನಡುವಿನ ಕಂಬ ಎತ್ತಬೇಡಿ.

ಇಳಿತದ ಹೊತ್ತಿಗೆ ಹೋಗಿ. ನೀರು ಆಗಷ್ಟೇ ಬಿಟ್ಟ ಮರಳಲ್ಲಿ ಹೆಜ್ಜೆ ಗುರುತು ಇರುವುದಿಲ್ಲ, ಆಕಾಶದ ಬಣ್ಣವೂ ಅದರಲ್ಲಿ ಹೊಳೆಯುತ್ತದೆ. ಉಬ್ಬರ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನೋಡಿಕೊಂಡು ಹೊರಡಿ. ಹಾವಸೆ ಹಿಡಿದ ಬಂಡೆಯ ಮೇಲೆ, ಉಬ್ಬರ ಏರುತ್ತಿರುವಾಗ, ಕಡಲಿಗೆ ಬೆನ್ನು ಹಾಕಿ ನಿಲ್ಲಲೇಬಾರದು. ಮಳೆಗಾಲದಲ್ಲಿ ಆ ಬಂಡೆಗಳಿಗೆ ಇಳಿಯುವುದೇ ಬೇಡ.

ಪ್ರಶ್ನೆ: ಮೊಬೈಲಿನಲ್ಲಿ ಮಲ್ಪೆಯ ದೋಣಿ, ಕೈರಂಪಣಿ ಬಲೆ ಎಳೆಯುವವರ ಚಿತ್ರ ತೆಗೆಯುತ್ತೇನೆ. ಚಿತ್ರ ಗಜಿಬಿಜಿ ಅನ್ನಿಸುತ್ತದೆ. ಏನು ತಪ್ಪು?
– ಓದುಗರು, ಉಡುಪಿ

ಬಹುಶಃ ದಿಗಂತದ ಗೆರೆ ಅವರ ಕುತ್ತಿಗೆಯ ಮೇಲೆ ಹಾದುಹೋಗಿದೆ. ಸಮತಟ್ಟು ತೀರದಲ್ಲಿ ದಿಗಂತ ಯಾವಾಗಲೂ ಲೆನ್ಸಿನ ಎತ್ತರಕ್ಕೇ ಕಾಣುತ್ತದೆ. ಲೆನ್ಸಿಗಿಂತ ಎತ್ತರದ ವಸ್ತು ಗೆರೆಯನ್ನು ದಾಟಿ ಮೇಲೆ ಹೋಗುತ್ತದೆ, ಗಿಡ್ಡವಾದದ್ದು ಕೆಳಗೇ ಉಳಿಯುತ್ತದೆ. ನೀವು ಕುಕ್ಕರಗಾಲಲ್ಲಿ ಕೂತರೆ ಗೆರೆ ಅವರ ಸೊಂಟಕ್ಕೆ ಇಳಿದು, ತಲೆ-ತೋಳು ಆಕಾಶಕ್ಕೆ ಎದುರಾಗಿ ಸ್ಪಷ್ಟವಾಗುತ್ತದೆ. ದೋಣಿಯಾದರೆ ಇದನ್ನೇ ತಿರುಗಿಸಿ: ಎತ್ತರದ ದಿಬ್ಬಕ್ಕೆ ಹೋಗಿ, ಇಡೀ ದೋಣಿ ನೀರಿನ ಹಿನ್ನೆಲೆಯಲ್ಲೇ ಕೂರಲಿ. ಹಗ್ಗ ಹಿಡಿದವರ ಸಾಲಿನಲ್ಲಿ ಒಬ್ಬರ ಮೇಲೊಬ್ಬರು ಬೀಳದ ಕೋನ ಸಿಗುವವರೆಗೆ ಪಕ್ಕಕ್ಕೆ ಸರಿಯುತ್ತಾ ಹೋಗಿ. ಅಲ್ಟ್ರಾ ವೈಡ್ ಲೆನ್ಸ್ ದೂರದ್ದನ್ನೆಲ್ಲ ಕಿರಿದಾಗಿಸುತ್ತದೆ, ಜನರಿದ್ದಾಗ 1ಎಕ್ಸ್ ಅಥವಾ 2ಎಕ್ಸ್ ಒಳ್ಳೆಯದು. ಕೆಲಸದಲ್ಲಿರುವವರನ್ನು ಒಂದು ಮಾತು ಕೇಳಿಯೇ ತೆಗೆಯಿರಿ.

ಪ್ರಶ್ನೆ: ಎಡಿಟ್ ಮಾಡುವಾಗ ಡಿಹೇಜ್ (ಮಬ್ಬು ತೆಗೆಯುವ ಸ್ಲೈಡರ್) ಏರಿಸಿದರೆ ತೆಂಗಿನ ಮರಗಳ ಸುತ್ತ ಬಿಳಿ ಅಂಚು, ಆಕಾಶದಲ್ಲಿ ಪಟ್ಟೆ ಪಟ್ಟೆ. ದಾರಿ ಏನು?
– ಓದುಗರು, ಸುರತ್ಕಲ್

ಡಿಹೇಜ್ ಮತ್ತು ಕ್ಲ್ಯಾರಿಟಿ ಎರಡೂ ಅಕ್ಕಪಕ್ಕದ ಭಾಗಗಳ ಕಾಂಟ್ರಾಸ್ಟ್ ಹೆಚ್ಚಿಸುವ ಸಾಧನಗಳು. ಕಪ್ಪು ಗರಿ ಬೆಳಕಿನ ಆಕಾಶಕ್ಕೆ ತಾಗುವಲ್ಲಿ ಅಂಚು ಬೆಳ್ಳಗಾಗುವುದು ಅದರಿಂದಲೇ. ಕಡಲ ಮೇಲಿನ ಮಬ್ಬಿಗೆ ಮಾಸ್ಕ್ ಹಾಕಿ 10ರಿಂದ 15ರಷ್ಟು ಕೊಡಿ, ಆಕಾಶವನ್ನು ಬಿಟ್ಟುಬಿಡಿ. ಆ ಮಬ್ಬಿನಲ್ಲೇ ದೂರದ ಅನುಭವ ಇರುವುದು, ಪೂರ್ತಿ ಒರೆಸಿದರೆ ಕಡಲು ಚಪ್ಪಟೆಯಾಗುತ್ತದೆ. ಪಟ್ಟೆಗಳಿಗೆ ಕಾರಣ ಜೆಪೆಗ್: ಒಂದು ಬಣ್ಣಕ್ಕೆ ಅದರಲ್ಲಿರುವುದು 256 ಮೆಟ್ಟಿಲು. ನುಣುಪಾದ ಆಕಾಶವನ್ನು ಎಳೆದಾಡಿದರೆ ಮೆಟ್ಟಿಲುಗಳು ಕಾಣತೊಡಗುತ್ತವೆ. ರಾ ತೆಗೆದು 16 ಬಿಟ್‌ನಲ್ಲಿ ಕೆಲಸ ಮಾಡಿ.

ಕ್ರಮವೂ ಮುಖ್ಯ. ಮೊದಲು ಲೆನ್ಸಿನ ಬಾಗು ಸರಿಪಡಿಸುವ ಲೆನ್ಸ್ ಪ್ರೊಫೈಲ್, ಆಮೇಲೆ ದಿಗಂತ ನೇರ ಮಾಡುವುದು. ವೈಡ್ ಲೆನ್ಸಿನಲ್ಲಿ ಚೌಕಟ್ಟಿನ ಮೇಲೋ ಕೆಳಗೋ ಇಟ್ಟ ದಿಗಂತ ಬಾಗುತ್ತದೆ, ಬಾಗಿದ ಗೆರೆಯನ್ನು ಎಷ್ಟು ತಿರುಗಿಸಿದರೂ ನೇರವಾಗದು. ವೈಟ್ ಬ್ಯಾಲೆನ್ಸ್ ಆಟೋ ಬಿಟ್ಟರೆ ಸಂಜೆಗೆಂಪನ್ನೇ ದೋಷವೆಂದು ತಿಳಿದು ತೆಗೆದುಹಾಕುತ್ತದೆ, 5200ರಿಂದ 5500 ಕೆಲ್ವಿನ್‌ನಿಂದ ಶುರು ಮಾಡಿ. ನೆರಳಿನಲ್ಲಿರುವ ನೊರೆ ತುಸು ನೀಲಿ ಇರುವುದು ಸಹಜ. ಅದೂ ಕಿತ್ತಳೆಯಾಗಿದ್ದರೆ ನೀವು ಬಣ್ಣ ಮಿತಿ ಮೀರಿ ಏರಿಸಿದ್ದೀರಿ.

ಪ್ರಶ್ನೆ: ಸೇಂಟ್ ಮೇರೀಸ್ ದ್ವೀಪದಲ್ಲಿ ಸೂರ್ಯಾಸ್ತ ತೆಗೆಯಬಹುದೇ?
– ಓದುಗರು, ಬ್ರಹ್ಮಾವರ

ಅದನ್ನು ನೆಚ್ಚಿಕೊಂಡು ಹೋಗಬೇಡಿ, ಸಂಜೆಗೆ ಮುಂಚೆಯೇ ವಾಪಸ್ ದೋಣಿ ಹತ್ತಬೇಕಾಗುತ್ತದೆ. ಮಳೆಗಾಲದಲ್ಲಂತೂ ದೋಣಿಯೇ ಇಲ್ಲ. ಅಲ್ಲಿನ ಸೊಗಸು ಲಾವಾ ಆರಿ ಆದ ಕಂಬಗಲ್ಲುಗಳು. ಓರೆ ಬಿಸಿಲು ಬೀಳುವ ಮಧ್ಯಾಹ್ನದ ನಂತರ ಕಲ್ಲಿನ ಮೂಲೆಗಳು ಚೆನ್ನಾಗಿ ಏಳುತ್ತವೆ. ಒದ್ದೆ ಕಲ್ಲಿನ ಹೊಳಪು ಕಡಿಮೆ ಮಾಡಲು ಪೋಲರೈಸರ್ ಇರಲಿ, ಆದರೆ ತೀರ ವೈಡ್ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಭಾಗ ಮಾತ್ರ ಗಾಢವಾಗುತ್ತದೆ.

ಪ್ರಶ್ನೆ: ಲೆನ್ಸಿಗೆ ಹಾರಿದ ಉಪ್ಪುನೀರನ್ನು ಹೇಗೆ ಒರೆಸುವುದು?
– ಓದುಗರು, ಪಡುಬಿದ್ರಿ

ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಮರಳು ಮತ್ತು ಉಪ್ಪಿನ ಕಣ ಗೀರು ಹಾಕುತ್ತವೆ. ಮೊದಲು ಬ್ಲೋವರ್, ನಂತರ ಸಿಹಿನೀರಲ್ಲಿ ತುಸು ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆ, ಕೊನೆಗೆ ಒಣ ಬಟ್ಟೆ. ಟ್ರೈಪಾಡಿನ ಕಾಲುಗಳನ್ನು ಮನೆಗೆ ಬಂದ ಅದೇ ರಾತ್ರಿ ಪೂರ್ತಿ ಎಳೆದು, ಸಿಹಿನೀರಲ್ಲಿ ತೊಳೆದು, ತೆರೆದೇ ಒಣಗಲು ಬಿಡಿ. ಬೀಗಗಳ ಒಳಗೆ ಕೂತ ಉಪ್ಪು ಕೆಲವೇ ದಿನಗಳಲ್ಲಿ ಅವನ್ನು ಬಿಗಿ ಹಿಡಿಸುತ್ತದೆ.