ಪ್ರತಿಕ್ರಿಯೆ: ಪ್ರವಾಹದ ಮಾತು ಬಂದ ಕೂಡಲೇ ಅಜ್ಜಿ ಸುಮ್ಮನಾಗುತ್ತಾರೆ, ಏನು ಮಾಡಲಿ?

ಪ್ರವಾಹ ಕಂಡವರ ನೆನಪುಗಳನ್ನು ವಿಡಿಯೊ ಮಾಡಲು ಹೋದ ನೀವು ಮೊದಲ ಪ್ರಶ್ನೆಯಲ್ಲೇ 2019ರ ಆಗಸ್ಟಿನ ಪ್ರವಾಹದ ರಾತ್ರಿಗೆ ಹೋಗಿದ್ದೀರಿ. ಗೋಕಾಕದ ಅಜ್ಜಿ ಕ್ಯಾಮೆರಾ ಮುಂದೆ ಸುಮ್ಮನಾಗಲು ಬಹುಶಃ ಅದೇ ಕಾರಣ. ಘಟಪ್ರಭೆ ಮನೆಗೆ ನುಗ್ಗಿದ್ದು ಅವರಿಗೆ ಹಳೇ ಕಥೆಯಲ್ಲ, ನೆನೆದರೆ ಈಗಲೂ ಮೈ ನಡುಗುತ್ತೆ.

ಮೊದಲು ಒಂದೆರಡು ದಿನ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಸುಮ್ನೆ ಹೋಗಿ ಕೂತು ಬನ್ನಿ. ಆಮೇಲೆ ಇವತ್ತಿನ ಕೆಲಸದಿಂದ ಮಾತು ಶುರು ಮಾಡಿ. ಬಾಗಲಕೋಟೆ ಕಡೆ ನಾನು ಶೂಟ್ ಮಾಡುವಾಗ ಒಬ್ಬ ತಾಯಿ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಕೈಯನ್ನೇ ಗೋಡೆಗೆ ಚಾಚಿ, “ನೀರು ಇಲ್ಲೀತನಕ ಬಂದಿತ್ರಿ” ಅಂದರು. ನಾನು ಏನೂ ಕೇಳಿರಲಿಲ್ಲ.

“ಸಾಕು ಅಂದ್ರೆ ಬಂದ್ ಮಾಡ್ತೀನಿ, ಬೇಡಾದ ಮಾತು ತೆಗೀತೀನಿ” ಅಂತ ಮುಂಚೆಯೇ ಹೇಳಿ. ಹೇಳಿದ ಹಾಗೆ ನಡೆದುಕೊಳ್ಳಿ. ಕಣ್ಣೀರು ಬಂದಾಗ ಜೂಮ್ ಮಾಡಬೇಡಿ, ದಯವಿಟ್ಟು. ಮುಗಿದ ತಕ್ಷಣ ಎದ್ದು ಬರಬೇಡಿ. ಚಹಾ ಕುಡಿದು, ಮನೆಯವರು ಜೊತೆಗಿದ್ದಾರಾ ನೋಡಿ ಹೊರಡಿ. ನಿದ್ದೆ ಬರ್ತಿಲ್ಲ, ಎದೆ ಹೊಡ್ಕೊಳ್ಳುತ್ತೆ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿಕೊಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಇಷ್ಟಾದರೂ ಅವರು ಮಾತಾಡದೇ ಇರಬಹುದು. ಆಗ ಧ್ವನಿ ಮಾತ್ರ ಸಾಕಾ ಅಂತ ಒಮ್ಮೆ ಕೇಳಿ. ಅದಕ್ಕೂ ಬೇಡ ಅಂದರೆ ಬಿಟ್ಟುಬಿಡಿ.