ಮತದಾರರನ್ನು ಕೇಳದೆ ಕೂಡಿದವರು

ನಮ್ಮ ಕಳೆದ ಸಂಚಿಕೆಯಲ್ಲಿ ಬಂದ ಮೈತ್ರಿ ಸರ್ಕಾರಗಳ ಕುರಿತ ಲೇಖನವನ್ನು ಓದಿದ ದಾವಣಗೆರೆಯ ನಿವೃತ್ತ ಶಿಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ಪ್ರಚಾರದಲ್ಲಿ ಪರಸ್ಪರ ಬೈದಾಡಿದವರು ಫಲಿತಾಂಶ ಬಂದ ಸಂಜೆಯೇ ಕೈಕೈ ಹಿಡಿಯುತ್ತಾರೆ. ನಾವು ಆರಿಸದ ಇಂಥ ಸರ್ಕಾರ ಇಂದು ಬೀಳುವುದೋ ನಾಳೆ ಬೀಳುವುದೋ ಎಂದು ಕಾಯುವುದಕ್ಕಿಂತ ರಾಷ್ಟ್ರಪತಿ ಆಳ್ವಿಕೆಯೇ ಮೇಲಲ್ಲವೇ? ಅಧಿಕಾರಿಗಳಾದರೂ ಕೆಲಸ ಮಾಡುತ್ತಾರೆ."

ಮಾನ್ಯ ಮೇಷ್ಟ್ರೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. 2004ರಲ್ಲಿ ನಾವು ಆರಿಸಿ ಕಳಿಸಿದ ಒಂದೇ ವಿಧಾನಸಭೆಯಿಂದ ಮೊದಲು ಕಾಂಗ್ರೆಸ್–ಜೆಡಿಎಸ್ ಸರ್ಕಾರ ಬಂತು, 2006ರ ಫೆಬ್ರುವರಿಯಲ್ಲಿ ಜೆಡಿಎಸ್–ಬಿಜೆಪಿ ಸರ್ಕಾರ ಬಂತು. ಎರಡಕ್ಕೂ ಜನರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ತಲಾ ಇಪ್ಪತ್ತು ತಿಂಗಳು ಆಳುವುದೆಂಬ ಒಪ್ಪಂದ ನಾಯಕರ ನಡುವಿನದಾಗಿತ್ತು. ಅದು ಮುರಿದಾಗಲೂ ಜವಾಬು ಕೇಳುವ ಹಕ್ಕು ಮತದಾರನಿಗಿರಲಿಲ್ಲ. 2007ರ ನವೆಂಬರ್ 12ರಂದು ಪ್ರಮಾಣವಚನ ಸ್ವೀಕರಿಸಿದ ಯಡಿಯೂರಪ್ಪನವರು 19ರಂದು ರಾಜೀನಾಮೆ ಕೊಟ್ಟರು. 2018ರಲ್ಲಿ 37 ಶಾಸಕರ ಪಕ್ಷದ ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾದಾಗ, ತಾವು ಆರೂವರೆ ಕೋಟಿ ಜನರ ಮುಲಾಜಿನಲ್ಲಿಲ್ಲ, ಕಾಂಗ್ರೆಸ್ಸಿನ ಮುಲಾಜಿನಲ್ಲಿದ್ದೇನೆ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ಹದಿನಾಲ್ಕು ತಿಂಗಳ ಬಳಿಕ, 2019ರ ಜುಲೈ 23ರಂದು, ಆ ಸರ್ಕಾರ 99–105 ಮತಗಳಿಂದ ಬಿದ್ದು, ಬಿಜೆಪಿ ಸರ್ಕಾರ ಬಂತು.

ಆದರೆ ಇದಕ್ಕೆ ನೀವು ಸೂಚಿಸುವ ಮದ್ದನ್ನು ನಾನು ಒಪ್ಪಲಾರೆ. ರಾಷ್ಟ್ರಪತಿ ಆಳ್ವಿಕೆಯಲ್ಲಿ ಕೆಲವು ಕಡತಗಳು ಬೇಗ ಸಾಗುವುದುಂಟು, ಅಷ್ಟನ್ನು ಒಪ್ಪೋಣ. ಆದರೆ ಆಗ ಆಡಳಿತ ನಡೆಸುವ ರಾಜ್ಯಪಾಲರ ರಾಜಭವನವನ್ನು ನಾವು ಆರಿಸಿದ್ದೆಂದು? ಮಕ್ಕಳಿಗೆ ಪೌರನೀತಿ ಕಲಿಸಿದ ತಮಗೆ 1989ರ ಏಪ್ರಿಲ್ ಮರೆತಿರಲಾರದು. ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದ ಪತ್ರಗಳನ್ನು ನಂಬಿ ರಾಜ್ಯಪಾಲರು ವರದಿ ಕಳಿಸಿದರು. ಅವರಲ್ಲಿ ಏಳು ಮಂದಿ ಮರುದಿನವೇ ಮಾತು ಹಿಂತೆಗೆದುಕೊಂಡರೂ, ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಅಂದಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಕೇಳಿಕೊಂಡರೂ, ಸರ್ಕಾರ ವಜಾ ಆಯಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಹೇಳಿತು. ಇಡೀ ದೇಶವೇ ಇಂದು ಆಧರಿಸುವ ಆ ತೀರ್ಪು ನಮ್ಮ ನೆಲದ ಅನ್ಯಾಯದಿಂದ ಹುಟ್ಟಿದ್ದು. ಅಂಥ ನಾಡಿನವರೇ ರಾಜ್ಯಪಾಲರ ಆಳ್ವಿಕೆಯನ್ನು ಬಯಸಿ ಕರೆಯುವುದು ನನಗೆ ನೋವಿನ ಸಂಗತಿ.

ಅಸ್ಥಿರತೆಗೆ ಮೈತ್ರಿಯೇ ಮೂಲ ಎಂಬ ನಿಮ್ಮ ನಂಬಿಕೆಯನ್ನೂ ಪರೀಕ್ಷಿಸಬೇಕಾಗಿದೆ. 1989ರಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತ್ತು. ಇನ್ನೊಬ್ಬರ ಹಂಗೇ ಇರಲಿಲ್ಲ. ಆದರೂ ಐದು ವರ್ಷಗಳಲ್ಲಿ ವೀರೇಂದ್ರ ಪಾಟೀಲ, ಬಂಗಾರಪ್ಪ, ವೀರಪ್ಪ ಮೊಯಿಲಿ ಎಂದು ಮೂವರು ಮುಖ್ಯಮಂತ್ರಿಗಳಾದರು. 2008ರಿಂದ 2013ರವರೆಗಿನ ಬಿಜೆಪಿ ಆಡಳಿತದಲ್ಲೂ ಮೂವರು. ಒಂದೇ ಪಕ್ಷದೊಳಗಿನ ಗುಂಪುಗಳು ಎರಡು ಪಕ್ಷಗಳಿಗಿಂತ ಹೆಚ್ಚು ಕಚ್ಚಾಡಬಲ್ಲವು.

ಇನ್ನು 1983ನ್ನು ನೋಡಿ. ಇದು ನಾನು ಬಹುಕಾಲದಿಂದ ಎಲ್ಲರಿಗೂ ಹೇಳುತ್ತ ಬಂದಿರುವ ಮಾತು. 95 ಸ್ಥಾನಗಳ ಜನತಾ ಪಕ್ಷ, 18 ಶಾಸಕರಿದ್ದ ಬಿಜೆಪಿ ಮತ್ತು ಎಡಪಕ್ಷಗಳ ಬಾಹ್ಯ ಬೆಂಬಲ. ಇದಕ್ಕಿಂತ ದುರ್ಬಲ ಸರ್ಕಾರವನ್ನು ಊಹಿಸುವುದು ಕಷ್ಟ. ಆ ಸರ್ಕಾರವೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಮಸೂದೆಯನ್ನು ತಂದು, ಅದರಲ್ಲಿ ಮಹಿಳೆಯರಿಗೆ ಶೇಕಡಾ 25 ಮೀಸಲಾತಿಯನ್ನು ಬರೆಯಿತು. ಕುಡಿಯುವ ನೀರಿನ ಬೋರ್‌ವೆಲ್‌ಗಳನ್ನು ಹಳ್ಳಿ ಹಳ್ಳಿಗೆ ತಲುಪಿಸಿದ ಸಚಿವ ನಜೀರ್ ಸಾಬರನ್ನು ಜನ 'ನೀರ್ ಸಾಬ್' ಎಂದು ಕರೆದದ್ದೂ ಆ ಕಾಲದಲ್ಲಿಯೇ. ಇದಕ್ಕಿಂತ ದೊಡ್ಡದು 1984ರ ಕೊನೆಯಲ್ಲಿ ನಡೆಯಿತು. ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24ನ್ನು ಕಾಂಗ್ರೆಸ್ ಗೆದ್ದಾಗ, ಕಾನೂನಿನ ಒತ್ತಾಯ ಯಾವುದೂ ಇಲ್ಲದಿದ್ದರೂ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಹೊಸ ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ ಜನ 139 ಸ್ಥಾನ ಕೊಟ್ಟು ಮರಳಿ ಕಳಿಸಿದರು. ಹೆಗಡೆಯವರ ಎಲ್ಲ ನಡೆಗಳನ್ನೂ ಒಪ್ಪುವವನು ನಾನಲ್ಲ. ಆ ಒಂದು ನಡೆಗೆ ಮಾತ್ರ ಇಂದಿಗೂ ತಲೆಬಾಗುತ್ತೇನೆ. ಸರ್ಕಾರದ ಬುನಾದಿ ಬದಲಾದಾಗ, ಕಡೇಪಕ್ಷ ಅಲುಗಾಡಿದಾಗ, ಮತದಾರನ ಬಳಿಗೆ ಹಿಂದಿರುಗಬೇಕು. 2006ರಲ್ಲಾಗಲಿ 2019ರಲ್ಲಾಗಲಿ ಆ ಧೈರ್ಯವನ್ನು ಯಾವ ಪಕ್ಷವೂ ತೋರಲಿಲ್ಲ.

ಅನರ್ಹಗೊಂಡ ಶಾಸಕರ ಕ್ಷೇತ್ರಗಳಿಗೆ 2019ರ ಡಿಸೆಂಬರಿನಲ್ಲಿ ನಡೆದ ಉಪಚುನಾವಣೆಯಲ್ಲಿ ಜನರೇ ಬಿಜೆಪಿಗೆ 15ರಲ್ಲಿ 12 ಸ್ಥಾನ ಕೊಟ್ಟರಲ್ಲ ಎಂದು ನೀವು ಕೇಳಬಹುದು. ಕೊಟ್ಟರು, ಆ ಕ್ಷೇತ್ರಗಳ ತೀರ್ಪನ್ನು ಗೌರವಿಸೋಣ. ಆದರೆ ಉಳಿದ ಇನ್ನೂರಕ್ಕೂ ಹೆಚ್ಚು ಕ್ಷೇತ್ರಗಳವರನ್ನು ಯಾರು ಕೇಳಿದರು? ಅದಕ್ಕೂ ಮುನ್ನ, ಜುಲೈ 26ರಿಂದ ಆಗಸ್ಟ್ 20ರವರೆಗೆ, ರಾಜ್ಯದ ಸಂಪುಟದಲ್ಲಿ ಮುಖ್ಯಮಂತ್ರಿಯೊಬ್ಬರೇ ಇದ್ದರು. ಕೃಷ್ಣೆ, ಮಲಪ್ರಭೆಗಳು ಉಕ್ಕಿ ಹರಿದದ್ದು ಅದೇ ದಿನಗಳಲ್ಲಿ. ನರಗುಂದ ತಾಲ್ಲೂಕಿನ ಪರಿಹಾರ ಕೇಂದ್ರವೊಂದಕ್ಕೆ ನಾನು ಹೋದಾಗ, ಶಾಲೆಯ ಜಗಲಿಯ ಮೇಲೆ ತೊಯ್ದ ಜೋಳವನ್ನು ಹರವಿಕೊಂಡು ಮೊಳಕೆಯೊಡೆದ ಕಾಳುಗಳನ್ನು ಬೇರೆ ಮಾಡುತ್ತಿದ್ದ ತಾಯಿಯೊಬ್ಬರು, "ನಮ್ಮ ಜಿಲ್ಲಾಕ್ಕ ಮಂತ್ರಿ ಯಾರದಾರ್ರೀ? ಯಾರ ಮುಂದ ಹೇಳ್ಕೊಳ್ಳೂಣು?" ಎಂದು ಕೇಳಿದರು. ಪಕ್ಕದಲ್ಲಿದ್ದ ಗ್ರಾಮಲೆಕ್ಕಿಗರು ತಲೆತಗ್ಗಿಸಿದರು. ಮನೆ ಬಿದ್ದವರ ಪಟ್ಟಿ ಅವರ ಕೈಯಲ್ಲಿತ್ತು. ಆ ಜಿಲ್ಲೆಗೆ ಉಸ್ತುವಾರಿ ಸಚಿವರಿರಲಿಲ್ಲ.

ನಮ್ಮ ಪತ್ರಿಕಾರಂಗದ ಮೇಲೂ ನನಗೆ ಅಸಮಾಧಾನವಿದೆ. ಶಾಸಕರು ಯಾವ ರೆಸಾರ್ಟಿನಲ್ಲಿದ್ದಾರೆ, ಯಾವ ಬಸ್ಸಿನಲ್ಲಿ ಹೋದರು ಎಂಬುದಕ್ಕೆ ಪುಟಗಟ್ಟಲೆ ಜಾಗ ಕೊಡುವ ನಾವು, ಮೈತ್ರಿ ಪಕ್ಷಗಳ ಸಮನ್ವಯ ಸಮಿತಿಯಲ್ಲಿ ಏನು ಒಪ್ಪಿಗೆಯಾಯಿತೆಂದು ಪಟ್ಟುಹಿಡಿದು ಕೇಳುವುದಿಲ್ಲ. ಜರ್ಮನಿಯಲ್ಲಿ ಮೈತ್ರಿ ಒಪ್ಪಂದವನ್ನು ಅಚ್ಚು ಹಾಕಿ ಎಲ್ಲರ ಮುಂದಿಡುತ್ತಾರೆ. 2018ರಲ್ಲಿ ಅಲ್ಲಿನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷವು ತನ್ನ ಸಾಮಾನ್ಯ ಸದಸ್ಯರ ಮತ ಪಡೆದ ಮೇಲಷ್ಟೇ ಸರ್ಕಾರ ಸೇರಿತು. ಅಲ್ಲಿ ಮುಂದಿನ ನಾಯಕನನ್ನು ಆರಿಸದ ಹೊರತು ಹಾಲಿ ಸರ್ಕಾರವನ್ನು ಅವಿಶ್ವಾಸ ಮತದಿಂದ ಬೀಳಿಸುವಂತಿಲ್ಲ. ಇಂಥದ್ದೇ ನಿಯಮ ನಮಗೂ ಬೇಕೆಂದು ಕಾನೂನು ಆಯೋಗ 1999ರಲ್ಲಿ ಶಿಫಾರಸು ಮಾಡಿತು. ಅದು ಇನ್ನೂ ವರದಿಯಲ್ಲೇ ಉಳಿದಿದೆ.

ಆದ್ದರಿಂದ ಮೇಷ್ಟ್ರೇ, ರಾಜಭವನದ ಕಡೆ ನೋಡುವುದನ್ನು ಬಿಟ್ಟು, ಮುಂದಿನ ಸಲ ಮತ ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಗೂ ಎರಡು ಪ್ರಶ್ನೆ ಹಾಕಿ: ಬಹುಮತ ಬಾರದಿದ್ದರೆ ನಿಮ್ಮ ಪಕ್ಷ ಯಾರ ಜೊತೆ ಹೋಗುತ್ತದೆ, ಯಾರ ಜೊತೆ ಹೋಗುವುದಿಲ್ಲ? ಆ ಒಪ್ಪಂದವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ವಿಶ್ವಾಸಮತಕ್ಕೆ ಮುಂಚೆ ಸದನದಲ್ಲಿ ಮಂಡಿಸುತ್ತೀರಾ? ದಾವಣಗೆರೆಯ ಅಭ್ಯರ್ಥಿಗಳು ಕೊಡುವ ಉತ್ತರವನ್ನು ನಮಗೆ ಬರೆದು ಕಳಿಸಿದರೆ, ಒಂದಕ್ಷರವನ್ನೂ ಕತ್ತರಿಸದೆ ಪ್ರಕಟಿಸುತ್ತೇವೆ.

– ಸಂಪಾದಕ